ಮಳೆಗೆ ಟಿವಿ ಹೋಯಿತು, ಎಫ್ಎಂ ಹೋಗಲಿಲ್ಲ. ಮರುದಿನ ಆಕಾಶ ತಿಳಿಯಾಗಿತ್ತು, ಎಫ್ಎಂ ಹೋಯಿತು. ಯಾಕೆ?

ಹಳೇ ಟ್ರಾನ್ಸಿಸ್ಟರ್

ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ಒಂದು ವಿಷಯ ತಲೆ ತಿನ್ನುತ್ತಿದೆ. ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.

ಮೊನ್ನೆ ಸಂಜೆ ಜೋರು ಮಳೆ ಬಂತು. ಛತ್ರಿ ಆಂಟೆನಾದ ಟಿವಿ ಕಟ್ ಆಯಿತು. ಅದು ಎಲ್ಲರ ಮನೆಯಲ್ಲೂ ಆಗುವುದೇ. ಆದರೆ ನಮ್ಮಲ್ಲಿ ಕಟ್ ಆಗಿದ್ದು ಮೊದಲ ಹನಿ ಬೀಳುವುದಕ್ಕೆ ಏಳೆಂಟು ನಿಮಿಷ ಮುಂಚೆ. ತಾರಸಿಗೆ ಹೋಗಿ ನೋಡಿದೆ, ನೆಲ ಒಣಗಿಯೇ ಇತ್ತು. ಅದೇ ಕೋಣೆಯಲ್ಲಿದ್ದ ಎಫ್ಎಂ ರೇಡಿಯೊ ಮಾತ್ರ ಮಳೆ ಎಷ್ಟು ಜೋರಾದರೂ ಒಂಚೂರೂ ಅಲುಗಲಿಲ್ಲ.

ಮರುದಿನ ನಸುಕಿನಲ್ಲಿ ಉಲ್ಟಾ ಆಯಿತು. ಆಕಾಶ ತೊಳೆದಿಟ್ಟ ಹಾಗಿತ್ತು. ಗಾಳಿ ಇಲ್ಲ. ಎಲೆಗಳ ಮೇಲೆಲ್ಲ ಇಬ್ಬನಿ, ತಗ್ಗಿನಲ್ಲಿ ತೆಳ್ಳಗೆ ಮಂಜು. ಐದೂಕಾಲಿಗೆ ರೇಡಿಯೊ ಹಾಕಿದರೆ ದಿನಾ ಬರುವ ಸ್ಟೇಷನ್ ಇಲ್ಲ. ಮುಳ್ಳು ಅಲ್ಲೇ ಇದೆ, ಮಾತಾಡುತ್ತಿರುವವರು ಬೇರೆ. ನನಗೆ ತಿಳಿಯದ ಭಾಷೆ. ಧ್ವನಿ ಎಷ್ಟು ಸ್ವಚ್ಛ ಅಂದರೆ ಸ್ಟೀರಿಯೊ ದೀಪ ಕೂಡ ಹತ್ತಿತ್ತು. ಏಳು ಗಂಟೆ ಹೊತ್ತಿಗೆ ಎರಡೂ ಸ್ಟೇಷನ್ ಒಂದರ ಮೇಲೊಂದು ಬಂದವು. ಒಮ್ಮೆ ಅದು, ಒಮ್ಮೆ ಇದು. ಏಳೂಕಾಲಿಗೆ ನಮ್ಮ ಸ್ಟೇಷನ್ ಗಟ್ಟಿಯಾಗಿ ನಿಂತಿತು.

ಹವೆ ಕೆಟ್ಟಾಗ ಸರಿಯಾಗಿದ್ದ ರೇಡಿಯೊ, ಹವೆ ಚೆನ್ನಾಗಿದ್ದಾಗ ದಾರಿ ತಪ್ಪಿದ್ದು ಯಾಕೆ?

ಟವರ್ ಮೇಲಿನವ

ನಮಸ್ಕಾರ ಸರ್. ನಾನು ಹದಿನಾಲ್ಕು ವರ್ಷದಿಂದ ಟವರ್‌ನಿಂದ ಟವರ್‌ಗೆ ತಂತಿ ಇಲ್ಲದೆ ಮಾಹಿತಿ ಒಯ್ಯುವ ಮೈಕ್ರೊವೇವ್ ಲಿಂಕ್‌ಗಳ ಕೆಲಸ ಮಾಡುತ್ತಿದ್ದೇನೆ. ಮಳೆಯ ಭಾಗ ನಾನು ಹೇಳುತ್ತೇನೆ, ಎಫ್ಎಂ ಭಾಗಕ್ಕೆ ಇಲ್ಲಿ ಬೇರೆಯವರಿದ್ದಾರೆ.

ಯಾರೇ "ಹವಾಮಾನದಿಂದ ಸಿಗ್ನಲ್ ಹೋಯಿತು" ಅಂದರೂ ನಾನು ಮೊದಲು ಕೇಳುವುದು ಅಲೆಯ ಉದ್ದ ಎಷ್ಟು ಅಂತ. 100 ಮೆಗಾಹರ್ಟ್ಸ್ ಎಫ್ಎಂ ಅಲೆಯ ಉದ್ದ 3 ಮೀಟರ್. ಮೀಡಿಯಂ ವೇವ್‌ನಲ್ಲಿ 1 ಮೆಗಾಹರ್ಟ್ಸ್ ಅಂದರೆ 300 ಮೀಟರ್. ಛತ್ರಿಗೆ ಬರುವ ಸುಮಾರು 12 ಗಿಗಾಹರ್ಟ್ಸ್ ಅಲೆಯ ಉದ್ದ ಬರೀ ಎರಡೂವರೆ ಸೆಂಟಿಮೀಟರ್. ಮಳೆ ಹನಿ ಅರ್ಧ ಮಿಲಿಮೀಟರ್‌ನಿಂದ 5 ಮಿಲಿಮೀಟರ್‌ವರೆಗೆ ಇರುತ್ತದೆ. 3 ಮೀಟರ್ ಅಲೆಗೆ ಆ ಹನಿ ಇದ್ದೂ ಇಲ್ಲದ ಹಾಗೆ. ಎರಡೂವರೆ ಸೆಂಟಿಮೀಟರ್ ಅಲೆಗೆ ಅದು ದಾರಿಯಲ್ಲಿ ಸಿಕ್ಕುವ ಕಲ್ಲು. ಪ್ರತಿ ಹನಿಯೂ ಸ್ವಲ್ಪ ಶಕ್ತಿ ನುಂಗುತ್ತದೆ, ಸ್ವಲ್ಪವನ್ನು ಅಕ್ಕಪಕ್ಕಕ್ಕೆ ಚೆದುರಿಸುತ್ತದೆ.

ಲೆಕ್ಕ ಹೀಗಿದೆ. ಗಂಟೆಗೆ 50 ಮಿಲಿಮೀಟರ್ ಮಳೆ ಬೀಳುತ್ತಿದ್ದರೆ 12 ಗಿಗಾಹರ್ಟ್ಸ್‌ನಲ್ಲಿ ಕಿಲೋಮೀಟರಿಗೆ ಸುಮಾರು 2.5 ಡೆಸಿಬೆಲ್ ನಷ್ಟ. ಅದೇ ಮಳೆಯಲ್ಲಿ 30 ಗಿಗಾಹರ್ಟ್ಸ್‌ಗೆ ಕಿಲೋಮೀಟರಿಗೆ ಸುಮಾರು 10 ಡೆಸಿಬೆಲ್. 3 ಡೆಸಿಬೆಲ್ ಹೋದರೆ ಶಕ್ತಿ ಅರ್ಧ. 10 ಹೋದರೆ ಉಳಿಯುವುದು ಹತ್ತರಲ್ಲಿ ಒಂದು ಪಾಲು.

ಈಗ ನಿಮ್ಮ ಏಳೆಂಟು ನಿಮಿಷದ ವಿಷಯ. ಛತ್ರಿ ನೆಟ್ಟಗೆ ಮೇಲಕ್ಕೆ ನೋಡುವುದಿಲ್ಲ, ಓರೆಯಾಗಿ ನೋಡುತ್ತದೆ. 45 ಡಿಗ್ರಿ ಓರೆ ಅಂತಿಟ್ಟುಕೊಳ್ಳಿ. ಆಗ ಅಲೆ 5 ಕಿಲೋಮೀಟರ್ ಎತ್ತರದಲ್ಲಿ ಇರುವಾಗ ನಿಮ್ಮ ಮನೆಯಿಂದ ಪಕ್ಕಕ್ಕೂ 5 ಕಿಲೋಮೀಟರ್ ದೂರ ಇರುತ್ತದೆ. ಆ ದಿಕ್ಕಿನಿಂದ ಮಳೆ ಬರುತ್ತಿದ್ದರೆ ನಿಮ್ಮ ನೆಲ ನೆನೆಯುವುದಕ್ಕಿಂತ ಮೊದಲೇ ನಿಮ್ಮ ಅಲೆ ನೆನೆಯುತ್ತದೆ. ಛತ್ರಿ ಯಾವ ದಿಕ್ಕಿಗಿದೆ, ಮಳೆ ಯಾವ ಕಡೆಯಿಂದ ಬಂತು, ನೋಡಿ ಹೇಳಿ.

ಹಳೇ ಟ್ರಾನ್ಸಿಸ್ಟರ್

ಈಗಷ್ಟೇ ತಾರಸಿಗೆ ಹೋಗಿ ನೋಡಿ ಬಂದೆ ಸರ್. ಛತ್ರಿಯ ಮುಖ ಯಾವ ಕಡೆಗಿದೆಯೋ ಮಳೆಯೂ ಅದೇ ಕಡೆಯಿಂದ ಬಂದಿತ್ತು. ಇಷ್ಟು ವರ್ಷ ಛತ್ರಿ ನೆತ್ತಿಯ ಮೇಲಿನ ಆಕಾಶವನ್ನೇ ನೋಡುತ್ತದೆ ಅಂದುಕೊಂಡಿದ್ದೆ.

ಇನ್ನೊಂದು ಪ್ರಶ್ನೆ. ಹಳೇ ಕಾಲದ ಟಿವಿಯಲ್ಲಿ ಸಿಗ್ನಲ್ ಕಮ್ಮಿ ಆದರೆ ಚಿತ್ರದ ಮೇಲೆ ಚುಕ್ಕಿ ಚುಕ್ಕಿ ಬರುತ್ತಿತ್ತು. ಈಗ ಚಿತ್ರ ಚೆನ್ನಾಗಿರುತ್ತದೆ, ಇದ್ದಕ್ಕಿದ್ದ ಹಾಗೆ ಚೌಕ ಚೌಕ ಆಗಿ ಹೋಗಿಬಿಡುತ್ತದೆ. ಯಾಕೆ?

ಟವರ್ ಮೇಲಿನವ

ಡಿಜಿಟಲ್ ಸಿಗ್ನಲ್‌ನಲ್ಲಿ ತಪ್ಪು ತಿದ್ದುವ ವ್ಯವಸ್ಥೆ ಒಳಗೇ ಇರುತ್ತದೆ. ಒಂದು ಮಟ್ಟದವರೆಗೆ ಎಷ್ಟೇ ತಪ್ಪು ಬಂದರೂ ತಿದ್ದುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ಆ ಮಟ್ಟ ದಾಟಿದರೆ ತಿದ್ದಲು ಆಗುವುದೇ ಇಲ್ಲ. ಹಾಗಾಗಿ ಚಿತ್ರ ಇರುವುದಕ್ಕೂ ಇಲ್ಲದಿರುವುದಕ್ಕೂ ಒಂದೆರಡು ಡೆಸಿಬೆಲ್ ಅಂತರ ಅಷ್ಟೇ. ಸೆಟ್‌ಟಾಪ್ ಬಾಕ್ಸ್ ಮೆನುವಿನಲ್ಲಿ ಸಿಗ್ನಲ್ ಕ್ವಾಲಿಟಿ ಅಂತ ಒಂದು ಪಟ್ಟಿ ಇರುತ್ತದೆ. ಮುಂದಿನ ಮಳೆಯಲ್ಲಿ ಅದನ್ನು ತೆರೆದಿಟ್ಟುಕೊಂಡು ಕೂತು ನೋಡಿ. ಚಿತ್ರ ಹೋಗುವ ಎಷ್ಟೋ ಹೊತ್ತಿನ ಮೊದಲೇ ಅದು ಇಳಿಯಲು ಶುರುವಾಗಿರುತ್ತದೆ.

ಮೋಡ ನೋಡುವವಳು

ಟವರ್ ಅಣ್ಣ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಮಳೆ ಸಿಗ್ನಲ್ಲನ್ನು ತಿನ್ನುವುದರ ಜೊತೆಗೆ ಗದ್ದಲವನ್ನೂ ಜಾಸ್ತಿ ಮಾಡುತ್ತದೆ. ತಿಳಿಯಾದ ಆಕಾಶ ಛತ್ರಿಯ ಪಾಲಿಗೆ ತುಂಬಾ ತಣ್ಣಗಿನ ಜಾಗ, ಅಲ್ಲಿಂದ ಬರುವ ಗದ್ದಲ ತೀರಾ ಕಮ್ಮಿ. ಮಳೆ ಹನಿ ಹಾಗಲ್ಲ. ಅದು ಬೆಚ್ಚಗಿನ ವಸ್ತು, ತಾನೇ ಮೈಕ್ರೊವೇವ್ ಗದ್ದಲ ಸೂಸುತ್ತದೆ. ಮಾತಾಡುವವರು ದನಿ ತಗ್ಗಿಸಿದಾಗಲೇ ಕೋಣೆಯಲ್ಲಿ ಗಲಾಟೆ ಏರಿದ ಹಾಗೆ. ಎರಡೂ ಸೇರಿ ಹೊಡೆತ ದೊಡ್ಡದಾಗುತ್ತದೆ.

ನೀರು ಗಟ್ಟಿಯಾಗಿದೆಯೋ ದ್ರವವೋ ಅನ್ನುವುದೂ ಮುಖ್ಯ. ಒಣ ಹಿಮದ ಹರಳು ಈ ಅಲೆಗಳನ್ನು ಹೆಚ್ಚು ನುಂಗುವುದಿಲ್ಲ. ಬಿಸಿ ಪ್ರದೇಶಗಳಲ್ಲಿ ಸುಮಾರು 5 ಕಿಲೋಮೀಟರ್ ಮೇಲೆ ನೀರು ಹೆಪ್ಪುಗಟ್ಟುತ್ತದೆ. ಹಾಗಾಗಿ ಮೋಡ ಹದಿನೈದು ಕಿಲೋಮೀಟರ್ ಎತ್ತರ ಬೆಳೆದಿದ್ದರೂ ಛತ್ರಿಗೆ ತೊಂದರೆ ಕೊಡುವುದು ಮುಖ್ಯವಾಗಿ ಕೆಳಗಿನ ಮೂರನೇ ಒಂದು ಭಾಗ. ಆದರೆ ಛತ್ರಿಯ ಮೇಲೇ ಒದ್ದೆ ಹಿಮ ಕೂತರೆ ಅದು ಬೇರೆ ತಾಪತ್ರಯ.

ಹ್ಯಾಮ್ ಹುಡುಗಿ

ಎಫ್ಎಂ ಭಾಗ ನನಗೆ ಬಿಡಿ! ನಸುಕಿನಲ್ಲಿ ಮಂಜು, ಇಬ್ಬನಿ, ಗಾಳಿ ಇಲ್ಲ ಅಂತ ಓದಿದ ಕೂಡಲೇ ಗೊತ್ತಾಯಿತು. ನಾವು ಹ್ಯಾಮ್‌ಗಳು (ಹವ್ಯಾಸಕ್ಕಾಗಿ ರೇಡಿಯೊದಲ್ಲಿ ಮಾತಾಡುವವರು) ಇಂಥ ಬೆಳಗಿಗೆ ಕಾದು ಕೂತಿರುತ್ತೇವೆ. ಇದಕ್ಕೆ ಡಕ್ಟಿಂಗ್ ಅನ್ನುತ್ತಾರೆ.

ಬಿಸಿಲುಗುದುರೆ ನೋಡಿದ್ದೀರಲ್ವಾ? ಮಧ್ಯಾಹ್ನ ಡಾಂಬರು ಕಾದು, ನೆಲಕ್ಕೆ ಹತ್ತಿದ ಗಾಳಿ ಬಿಸಿಯಾಗಿ, ಮೇಲಿನ ಗಾಳಿ ಅದಕ್ಕಿಂತ ತಣ್ಣಗಿರುತ್ತದೆ. ಬೆಳಕು ಮೇಲಕ್ಕೆ ಬಾಗುತ್ತದೆ. ರಸ್ತೆಯ ಮೇಲೆ ನೀರು ನಿಂತ ಹಾಗೆ ಆಕಾಶ ಕಾಣುತ್ತದೆ. ನಿಮ್ಮ ನಸುಕಿನಲ್ಲಿ ಇದರ ತಲೆಕೆಳಗು ಆಗಿದೆ. ಮೋಡ ಇಲ್ಲದ ರಾತ್ರಿ ನೆಲ ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟು ತಣ್ಣಗಾಗುತ್ತದೆ. ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ ಒದ್ದೆಯಾಗುತ್ತದೆ. ಗಾಳಿ ಬೀಸದ ಕಾರಣ ಮೇಲಿನದು ಕೆಳಗಿನದು ಬೆರೆಯುವುದಿಲ್ಲ. ಕೆಳಗೆ ತಣ್ಣಗಿನ ಒದ್ದೆ ಗಾಳಿ, ಮೇಲೆ ಬೆಚ್ಚಗಿನ ಒಣ ಗಾಳಿ. ರೇಡಿಯೊ ಅಲೆ ಆ ಗಡಿಯಲ್ಲಿ ಕೆಳಕ್ಕೆ ಬಾಗುತ್ತದೆ.

ಸಾಮಾನ್ಯ ದಿನದಲ್ಲೂ ಸ್ವಲ್ಪ ಬಾಗುತ್ತದೆ ಅನ್ನಿ. 100 ಮೀಟರ್ ಎತ್ತರದ ಏರಿಯಲ್‌ನಿಂದ ಕಣ್ಣಿಗೆ ಕಾಣುವ ಭೂಮಿಯ ಅಂಚು ಸುಮಾರು 36 ಕಿಲೋಮೀಟರ್. ಅಲೆ ಬಾಗುವುದರಿಂದ ರೇಡಿಯೊಗೆ ಆ ಅಂಚು ಸುಮಾರು 41 ಕಿಲೋಮೀಟರ್. ನಿಮ್ಮ ನಸುಕಿನಂಥ ಹೊತ್ತಿನಲ್ಲಿ ಬಾಗು ಎಷ್ಟು ಜಾಸ್ತಿ ಆಗುತ್ತದೆ ಅಂದರೆ ಭೂಮಿಯ ದುಂಡಗಿನ ಜೊತೆಯಲ್ಲೇ ಅಲೆಯೂ ಬಾಗುತ್ತಾ ಹೋಗುತ್ತದೆ. ಕೊಳವೆಯೊಳಗೆ ನೀರು ಹರಿದ ಹಾಗೆ ನೂರಾರು ಕಿಲೋಮೀಟರ್ ಹೋಗುತ್ತದೆ, ಹೆಚ್ಚು ಶಕ್ತಿ ಕಳೆದುಕೊಳ್ಳದೆ.

ನನಗೆ ಇದರಲ್ಲಿ ತುಂಬಾ ಇಷ್ಟವಾದ ಸಂಗತಿ ಒಂದಿದೆ. ಖಾಲಿ ಜಾಗದಲ್ಲಿ ಅಲೆಯ ವೇಗ ಗಾಳಿಯಲ್ಲಿನ ವೇಗದ ಬರೀ 1.0003 ಪಟ್ಟು. ಕೊನೆಯ ಆ 3 ಇದೆಯಲ್ಲ, ಇಡೀ ಆಟ ಅದರೊಳಗೆ. ಬಿಸಿ, ಒತ್ತಡ, ತೇವ ಬದಲಾದಾಗ ಅದರಲ್ಲಿ ಆಗುವ ಚೂರೇ ಚೂರು ಏರುಪೇರು ಒಂದು ಸ್ಟೇಷನ್ನನ್ನು ಬೇರೆ ರಾಜ್ಯಕ್ಕೋ ಬೇರೆ ದೇಶಕ್ಕೋ ಒಯ್ದು ಇಳಿಸುತ್ತದೆ.

ನಿಮ್ಮ ಸ್ಟೇಷನ್ ಪೂರ್ತಿ ಮಾಯವಾಗಿದ್ದಕ್ಕೆ ಎಫ್ಎಂನ ಸ್ವಭಾವ ಕಾರಣ. ಒಂದೇ ಫ್ರೀಕ್ವೆನ್ಸಿಯಲ್ಲಿ ಎರಡು ಸ್ಟೇಷನ್ ಬಂದರೆ ಎಫ್ಎಂ ಸೆಟ್ ಗಟ್ಟಿಯಾದುದನ್ನು ಹಿಡಿದು ಇನ್ನೊಂದನ್ನು ಒತ್ತಿಹಾಕುತ್ತದೆ. ಎರಡೂ ಸರಿಸಮ ಇದ್ದಾಗ ಮಾತ್ರ ಹೊಯ್ದಾಟ. ಸೂರ್ಯ ಏರಿ ನೆಲ ಕಾದು ಗಾಳಿ ಕಲಕಿತು, ಏಳರಿಂದ ಏಳೂಕಾಲರವರೆಗೆ ನೀವು ಕೇಳಿದ್ದು ಆ ಕೊಳವೆ ಒಡೆಯುವ ಸದ್ದು.

ಹಡಗಿನ ರೇಡಿಯೊ

ಹುಡುಗಿ ಚೆನ್ನಾಗಿ ಹೇಳಿದಳು. ಸಮುದ್ರದ ಮೇಲೆ ಇದು ಇನ್ನೂ ಜೋರು. ನೀರಿನಿಂದ ಸದಾ ಆವಿ ಏಳುತ್ತದೆ, ನೆಲದ ಕಡೆಯಿಂದ ಒಣ ಬಿಸಿಗಾಳಿ ಅದರ ಮೇಲೆ ಹರಿದು ಬರುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಮುಂಬಯಿಯಲ್ಲಿದ್ದ ಒಂದು ರೇಡಾರ್‌ಗೆ ಬೇಸಿಗೆಯಲ್ಲಿ ಸಮುದ್ರದಾಚೆಯ ಅರೇಬಿಯಾ ಕರಾವಳಿ ಕಾಣಿಸುತ್ತಿತ್ತು. 1957ರಲ್ಲಿ ಇಬ್ಬರು ಹ್ಯಾಮ್‌ಗಳು ಹವಾಯಿಯಿಂದ ಕ್ಯಾಲಿಫೋರ್ನಿಯಾಕ್ಕೆ 144 ಮೆಗಾಹರ್ಟ್ಸ್‌ನಲ್ಲಿ ಮಾತಾಡಿಕೊಂಡರು. ಸುಮಾರು 4,000 ಕಿಲೋಮೀಟರ್. ಗುಡ್ಡದಾಚೆಗೆ ತಲುಪುವುದೇ ಕಷ್ಟ ಅನ್ನುವ ಅಲೆ ಅದು.

ಟವರ್ ಮೇಲಿನವ

ಕೆಳಗೆ ತಣ್ಣನೆ ಗಾಳಿ, ಮೇಲೆ ಬೆಚ್ಚನೆ ಗಾಳಿ ಅಂದಿರಲ್ಲ, ಈ ಇನ್ವರ್ಷನ್ ನನಗೆ ಕಲಿಸಿದ ಪಾಠ ಹೇಳಲೇಬೇಕು. ಕೆಲಸಕ್ಕೆ ಸೇರಿದ ಹೊಸತು. ದೊಡ್ಡ ಕೆರೆಯೊಂದನ್ನು ದಾಟುವ 40 ಕಿಲೋಮೀಟರ್ ಲಿಂಕ್, 7 ಗಿಗಾಹರ್ಟ್ಸ್. ಬೆಳಗಿನ ಜಾವ ನಾಲ್ಕರಿಂದ ಆರರವರೆಗೆ ಬಿದ್ದು ಏಳುತ್ತಿತ್ತು. ಎಂಟು ಗಂಟೆಗೆ ನಾವು ಹೋಗಿ ನೋಡಿದರೆ ಎಲ್ಲಾ ಸರಿ. ಮೂರು ಸಲ ಟವರ್ ಹತ್ತಿದೆ. ಕನೆಕ್ಟರ್ ಬಿಚ್ಚಿ ಒರೆಸಿ ಟೇಪ್ ಸುತ್ತಿದೆ. ಕೇಬಲ್ ಬದಲಿಸಿದೆವು. ಮತ್ತೆ ನಾಲ್ಕು ಗಂಟೆಗೆ ಅದೇ ಕಥೆ.

ಕೊನೆಗೆ ಒಬ್ಬ ಹಿರಿಯರು ರಾತ್ರಿಯೇ ನನ್ನನ್ನು ಕರೆದುಕೊಂಡು ಹೋದರು. ಟವರ್ ಬುಡದಲ್ಲಿ ಕೂತು ಮೀಟರ್ ನೋಡುತ್ತಿದ್ದೆವು. ಮೂರೂವರೆಗೆ ಕೆರೆ ಮೇಲೆ ಬಿಳಿ ಹೊದಿಕೆ ಹಾಗೆ ಮಂಜು ಕಟ್ಟತೊಡಗಿತು. ಮುಳ್ಳು ನಿಧಾನ ತೂಗಾಡಲು ಶುರುಮಾಡಿತು. ಮೇಲೆ, ಕೆಳಗೆ, ಮತ್ತೆ ಮೇಲೆ. ಒಮ್ಮೆಲೇ ತಳಕ್ಕೆ ಬಿತ್ತು. ಅವರು ಮುಳ್ಳನ್ನು ತೋರಿಸಲಿಲ್ಲ, ಕೆರೆಯನ್ನು ತೋರಿಸಿದರು. ಒಂದೇ ಅಲೆ ಎರಡು ದಾರಿ ಹಿಡಿದು ಬರುತ್ತಿತ್ತು. ಒಂದು ನೇರ, ಒಂದು ಪದರದಲ್ಲಿ ಬಾಗಿ. ಎರಡೂ ಸರಿ ತಾಳದಲ್ಲಿ ಸೇರಿದರೆ ಗಟ್ಟಿ, ತಾಳ ತಪ್ಪಿ ಸೇರಿದರೆ ಒಂದನ್ನೊಂದು ಅಳಿಸಿಹಾಕುತ್ತವೆ.

ಅದಕ್ಕೆ ಮದ್ದು ಸ್ಪ್ಯಾನರ್ ಅಲ್ಲ. ಅದೇ ಟವರ್‌ನಲ್ಲಿ ಕೆಲವು ಮೀಟರ್ ಕೆಳಗೆ ಇನ್ನೊಂದು ಆಂಟೆನಾ ಹಾಕಿದರು. ಒಂದು ಕಡೆ ತಾಳ ತಪ್ಪಿದ ಹೊತ್ತಿನಲ್ಲಿ ಇನ್ನೊಂದು ಕಡೆ ಸಾಮಾನ್ಯವಾಗಿ ತಪ್ಪಿರುವುದಿಲ್ಲ. ಅಲ್ಲಿಂದ ಆ ಲಿಂಕ್ ಸುಮ್ನಾಯಿತು. ಈಗಲೂ ಹೊಸ ಹುಡುಗರಿಗೆ ನಾನು ಹೇಳುವುದು: ದೂರದ, ಕಮ್ಮಿ ಗಿಗಾಹರ್ಟ್ಸ್ ಲಿಂಕ್ ಆದರೆ ತಿಳಿ ರಾತ್ರಿಗೆ ಹೆದರಿ. ಹತ್ತಿರದ, ಜಾಸ್ತಿ ಗಿಗಾಹರ್ಟ್ಸ್ ಲಿಂಕ್ ಆದರೆ ಮಳೆಗೆ ಹೆದರಿ.

ರಾತ್ರಿ ಕೇಳುಗ

ನಾನು ಮೀಡಿಯಂ ವೇವ್ ಕೇಳುವವನು. ಮೂವತ್ತು ವರ್ಷದ ಚಟ. ನನ್ನ ಅನುಭವದಲ್ಲಿ ರಾತ್ರಿ ಮೋಡ ಇದ್ದರೆ ದೂರದ ಸ್ಟೇಷನ್ ಚೆನ್ನಾಗಿ ಹಿಡಿಯುತ್ತದೆ. ಅಲೆ ಮೋಡಕ್ಕೆ ಬಡಿದು ವಾಪಸ್ ಬರುತ್ತದೆ ಅಂತ ನಮ್ಮ ತಂದೆ ಹೇಳುತ್ತಿದ್ದರು. ಇಲ್ಲಿ ಯಾರೂ ಮೋಡದ ವಿಷಯ ಎತ್ತಲೇ ಇಲ್ಲ.

ಹಡಗಿನ ರೇಡಿಯೊ

ಗೆಳೆಯರೇ, ನಿಮ್ಮ ತಂದೆ ಹೇಳಿದ್ದರಲ್ಲಿ ಅರ್ಧ ನಿಜ. ಅಲೆ ಮೇಲಿಂದ ವಾಪಸ್ ಬರುತ್ತದೆ. ಆದರೆ ಮೋಡದಿಂದ ಬರುವುದಿಲ್ಲ. ಮೋಡದ ಕಣ ಒಂದು ಮಿಲಿಮೀಟರಿನ ನೂರನೇ ಒಂದು ಭಾಗದ ಆಸುಪಾಸು, ನಿಮ್ಮ ಅಲೆ 300 ಮೀಟರ್. ಅದಕ್ಕೆ ಮೋಡ ಇರುವುದೇ ಗೊತ್ತಾಗುವುದಿಲ್ಲ. ಅಲೆ ಬಾಗಿ ಹಿಂದಿರುಗುವ ಜಾಗ ಮೋಡಕ್ಕಿಂತ ಬಹಳ ಮೇಲೆ, 100 ಕಿಲೋಮೀಟರ್‌ನಿಂದ ಶುರು. ಅದು ಅಯಾನುಗೋಳ. ಸೂರ್ಯನ ಬಿಸಿಲು ಅಲ್ಲಿನ ತೆಳುಗಾಳಿಯಿಂದ ಎಲೆಕ್ಟ್ರಾನ್‌ಗಳನ್ನು ಕಿತ್ತು ಬಿಟ್ಟಿರುತ್ತದೆ, ಆ ಬಿಡಿ ಎಲೆಕ್ಟ್ರಾನ್‌ಗಳು ಅಲೆಯನ್ನು ತಿರುಗಿಸಿ ಕಳಿಸುತ್ತವೆ.

ರಾತ್ರಿ ಯಾಕೆ ಅಂತ ಕೇಳಬಹುದು. ಹಗಲಿನಲ್ಲಿ 60ರಿಂದ 90 ಕಿಲೋಮೀಟರ್ ಎತ್ತರದಲ್ಲಿ ಇನ್ನೊಂದು ಪದರ ಹುಟ್ಟುತ್ತದೆ, ಡಿ ಪದರ. ಅಲ್ಲಿ ಗಾಳಿ ಇನ್ನೂ ಸ್ವಲ್ಪ ದಟ್ಟ. ಅಲೆ ಎಲೆಕ್ಟ್ರಾನ್‌ಗಳನ್ನು ಕುಣಿಸುತ್ತದೆ, ಅವು ಅಕ್ಕಪಕ್ಕದ ಗಾಳಿ ಕಣಗಳಿಗೆ ಡಿಕ್ಕಿ ಹೊಡೆದು ಆ ಶಕ್ತಿಯನ್ನು ಬಿಸಿಯಾಗಿ ಕಳೆದುಬಿಡುತ್ತವೆ. ಮೀಡಿಯಂ ವೇವ್ ಅಲ್ಲೇ ಸತ್ತುಹೋಗುತ್ತದೆ. ಸೂರ್ಯ ಮುಳುಗಿದ ಕೂಡಲೇ ಡಿ ಪದರ ಕರಗುತ್ತದೆ. ಬಾಗಿಲು ತೆರೆದ ಹಾಗೆ. ಮೇಲಿನ ಪದರಗಳು ರಾತ್ರಿಯೂ ಉಳಿದಿರುತ್ತವೆ, ಅಲೆ ಅಲ್ಲಿಗೆ ಹೋಗಿ ದೂರದಲ್ಲಿ ಇಳಿಯುತ್ತದೆ.

ಹಗಲು ರಾತ್ರಿಯ ಈ ವ್ಯತ್ಯಾಸವನ್ನು ಮೊದಲು ಗಮನಿಸಿದ್ದು ಮಾರ್ಕೋನಿ, ಹಡಗಿನ ಮೇಲೆ. 1901ರ ಡಿಸೆಂಬರ್ 12ರಂದು ಇಂಗ್ಲೆಂಡಿನ ಪೋಲ್ಡುವಿನಿಂದ ಕಳಿಸಿದ ಸಿಗ್ನಲ್ ಅಟ್ಲಾಂಟಿಕ್ ದಾಟಿ ನ್ಯೂಫೌಂಡ್‌ಲ್ಯಾಂಡಿನಲ್ಲಿ ಕೇಳಿಸಿತು ಅಂತ ಅವರು ಹೇಳಿದಾಗ ಬಹಳ ಜನ ನಂಬಲಿಲ್ಲ. ಭೂಮಿ ದುಂಡಗಿದೆ, ಅಲೆ ನೇರ ಹೋಗುತ್ತದೆ, ಹೇಗೆ ಸಾಧ್ಯ ಅಂದರು. 1902ರಲ್ಲಿ ಅವರು ಫಿಲಡೆಲ್ಫಿಯಾ ಅನ್ನುವ ಹಡಗಿನಲ್ಲಿ ಹೋಗುತ್ತಾ ಪರೀಕ್ಷೆ ಮಾಡಿದರು. ಹಗಲಿನಲ್ಲಿ ಸುಮಾರು 700 ಮೈಲಿಗೆ ಸಿಗ್ನಲ್ ನಿಂತಿತು. ರಾತ್ರಿ ಸುಮಾರು 2,000 ಮೈಲಿವರೆಗೆ ಬಂತು. ಅದೇ ವರ್ಷ ಅಮೆರಿಕದಲ್ಲಿ ಕೆನೆಲಿ, ಇಂಗ್ಲೆಂಡಿನಲ್ಲಿ ಹೆವಿಸೈಡ್, ಮೇಲೆ ವಿದ್ಯುತ್ ಹರಿಯುವಂಥ ಪದರ ಇರಬೇಕು ಅಂದರು. 1924ರಲ್ಲಿ ಆ್ಯಪಲ್ಟನ್ ಅದರ ಎತ್ತರ ಅಳೆದು ತೋರಿಸಿದರು. ಅವರಿಗೆ 1947ರಲ್ಲಿ ನೊಬೆಲ್ ಬಂತು.

ರಾತ್ರಿ ಕೇಳುಗ

ಒಪ್ಪಿದೆ ಹಿರಿಯರೇ. ಆದರೂ ನನ್ನ ಮೂವತ್ತು ವರ್ಷದ ಕಿವಿ ಪೂರ್ತಿ ಸುಳ್ಳು ಹೇಳಿರಲಾರದು. ಋತು ಬದಲಾದ ಹಾಗೆ ವ್ಯತ್ಯಾಸ ಇದ್ದೇ ಇದೆ.

ಮೋಡ ನೋಡುವವಳು

ಖಂಡಿತ ಇದೆ ಸರ್. ಚಳಿಗಾಲದಲ್ಲಿ ರಾತ್ರಿ ಉದ್ದ, ಡಿ ಪದರ ಇಲ್ಲದ ಹೊತ್ತು ಜಾಸ್ತಿ. ಸುತ್ತಮುತ್ತ ಗುಡುಗು ಮಳೆಯೂ ಕಮ್ಮಿ, ಹಾಗಾಗಿ ಚಟಚಟ ಕಮ್ಮಿ. ಒಂದು ಕೆಲಸ ಮಾಡಿ. ಒಂದೇ ದೂರದ ಸ್ಟೇಷನ್, ಒಂದೇ ಗಂಟೆ, ಒಂದು ತಿಂಗಳು. ಪಕ್ಕದಲ್ಲಿ ಮೋಡ ಎಷ್ಟಿತ್ತು ಅಂತ ಬರೆಯಿರಿ. ನಿಮ್ಮಂಥ ಅನುಭವಿ ಕಿವಿಯ ಲೆಕ್ಕ ಸಿಕ್ಕರೆ ನಮಗೂ ಲಾಭ.

ಹಡಗಿನ ರೇಡಿಯೊ

ಇದು ನನ್ನ ಜೀವನದಲ್ಲಿ ಮರೆಯಲಾಗದ ಒಂದು ಬೆಳಗು. ನಡು ಸಮುದ್ರ, ಹತ್ತೂವರೆ ಗಂಟೆ. ಶಾರ್ಟ್ ವೇವ್‌ನ 12 ಮೆಗಾಹರ್ಟ್ಸ್‌ನಲ್ಲಿ ಮೋರ್ಸ್ ಬರೆದುಕೊಳ್ಳುತ್ತಿದ್ದೆ. ಹಗಲಿಗೆ 12 ಅಥವಾ 16, ರಾತ್ರಿಗೆ 4 ಅಥವಾ 8, ಅದು ನಮ್ಮ ರೂಢಿ. ಒಂದು ವಾಕ್ಯದ ನಡುವೆ ಸಿಗ್ನಲ್ ತಗ್ಗಿತು. ಎರಡು ನಿಮಿಷದಲ್ಲಿ ಇಲ್ಲವೇ ಇಲ್ಲ. 8ಕ್ಕೆ ತಿರುಗಿಸಿದೆ, ಸತ್ತಿದೆ. 16, ಅಲ್ಲೂ ಏನಿಲ್ಲ. ಇಡೀ ಬ್ಯಾಂಡ್‌ನಲ್ಲಿ ಬರೀ ಸೆಟ್‌ನ ಸ್ವಂತ ಸೀಟಿ. ಫ್ಯೂಸ್ ನೋಡಿದೆ, ಏರಿಯಲ್ ತಂತಿ ನೋಡಲು ಡೆಕ್‌ಗೆ ಓಡಿದೆ. ಬಿಸಿಲು ಹೊಳೆಯುತ್ತಿತ್ತು, ಸಮುದ್ರ ಕನ್ನಡಿ ಹಾಗೆ ಇತ್ತು. ಅಷ್ಟು ಒಳ್ಳೆಯ ಹವೆ.

ಮುಕ್ಕಾಲು ಗಂಟೆ ಆದ ಮೇಲೆ 16ರಲ್ಲಿ ಮೆಲ್ಲಗೆ ಒಂದು ದನಿ ಬಂತು. ಆಮೇಲೆ 12. ಕೊನೆಗೆ 8. ಮೇಲಿನ ಫ್ರೀಕ್ವೆನ್ಸಿ ಮೊದಲು, ಕೆಳಗಿನದು ಕೊನೆಗೆ. ಆ ಕ್ರಮ ನೋಡಿ ಸೆಟ್ ಕೆಟ್ಟಿಲ್ಲ ಅಂತ ಗೊತ್ತಾಯಿತು. ಸೂರ್ಯನ ಮೇಲೆ ಜ್ವಾಲೆ ಸ್ಫೋಟವಾಗಿ ಎಕ್ಸ್-ರೇ ಬಂದು ಬಡಿದಿತ್ತು. ಡಿ ಪದರ ದಪ್ಪಗಾಗಿ ಶಾರ್ಟ್ ವೇವ್ ಪೂರ್ತಿ ನುಂಗಿತ್ತು. ಹಗಲು ಇರುವ ಅರ್ಧ ಭೂಮಿಗೆ ಮಾತ್ರ ಇದು ಆಗುತ್ತದೆ. ಆ ಎಕ್ಸ್-ರೇ ಬೆಳಕಿನಷ್ಟೇ ವೇಗವಾಗಿ ಬರುತ್ತದೆ, 8 ನಿಮಿಷ ಸಾಕು. ಸ್ಫೋಟ ಕಣ್ಣಿಗೆ ಬೀಳುವ ಕ್ಷಣವೇ ಹೊಡೆತವೂ ಬಿದ್ದಿರುತ್ತದೆ.

ಹವಾಮಾನ ಅಂದರೆ ನಾವು ಮೋಡ, ಮಳೆ, ಗಾಳಿ ಅಷ್ಟೇ ಅಂದುಕೊಳ್ಳುತ್ತೇವೆ. ಶಾರ್ಟ್ ವೇವ್ ಕೇಳುವವರಿಗೆ ಸೂರ್ಯನ ಹವಾಮಾನವೇ ದೊಡ್ಡದು. ಅದಕ್ಕೂ ಸುಮಾರು 11 ವರ್ಷದ ಏರಿಳಿತ ಇದೆ.

ಹ್ಯಾಮ್ ಹುಡುಗಿ

2024ರ ಮೇ 10ರ ರಾತ್ರಿ ನೆನಪಾಯಿತು. ಸೂರ್ಯನಿಂದ ಬಂದ ಕಣಗಳ ಹೊಡೆತಕ್ಕೆ ಭೂಮಿಯ ಕಾಂತಕ್ಷೇತ್ರ ಕಲಕಿತ್ತು. ಇಂಥ ಭೂಕಾಂತ ಬಿರುಗಾಳಿಯ ಅಳತೆಯಲ್ಲಿ ಜಿ5, ಅದಕ್ಕಿಂತ ಮೇಲಿನ ಮಟ್ಟ ಇಲ್ಲ. ಲಡಾಖಿನ ಹಾನ್ಲೆಯಲ್ಲೂ ಆಕಾಶ ಕೆಂಪಾಗಿ ಕಂಡಿತು. ಶಾರ್ಟ್ ವೇವ್ ಅಸ್ತವ್ಯಸ್ತ. ಅಮೆರಿಕದಲ್ಲಿ ಜಿಪಿಎಸ್ ಹಿಡಿದು ಸಾಲು ಬಿಡದೆ ಬಿತ್ತುವ ಟ್ರ್ಯಾಕ್ಟರ್‌ಗಳು ದಾರಿ ತಪ್ಪಿ ಬಿತ್ತನೆ ನಿಂತಿತು. ಜಿಪಿಎಸ್ ಸಿಗ್ನಲ್ಲೂ ಅಯಾನುಗೋಳದ ಮೂಲಕವೇ ಬರಬೇಕಲ್ಲ.

ಹೊಸಬ

ಎಲ್ಲರಿಗೂ ಧನ್ಯವಾದ, ಓದುತ್ತಾ ಮೈ ಜುಮ್ ಅಂತಿದೆ. ನನ್ನದು ಚಿಕ್ಕ ಪ್ರಶ್ನೆ. ಮಳೆ ಬಂದರೆ ಮೊಬೈಲ್ ಇಂಟರ್ನೆಟ್ ನಿಧಾನ ಆಗುತ್ತದೆ. ಅದೂ ಹನಿ ಅಡ್ಡ ಬರುವುದರಿಂದಲೇ?

ಟವರ್ ಮೇಲಿನವ

ನಿಮ್ಮ ಫೋನಿಗೂ ಟವರ್‌ಗೂ ನಡುವಿನ ಅಲೆ ಸಾಮಾನ್ಯವಾಗಿ 700 ಮೆಗಾಹರ್ಟ್ಸ್‌ನಿಂದ 3.6 ಗಿಗಾಹರ್ಟ್ಸ್ ಒಳಗೆ. ಅಲ್ಲಿ ಮಳೆಯ ಪಾತ್ರ ತೀರಾ ಸಣ್ಣದು. ನಿಜವಾದ ಕಾರಣ ಬೇರೆ ಇರುತ್ತದೆ. ಫೈಬರ್ ಇಲ್ಲದ ಟವರ್ ಇನ್ನೊಂದು ಟವರ್ ಜೊತೆ ಮಾತಾಡುವುದು 15, 18, 23 ಗಿಗಾಹರ್ಟ್ಸ್ ಲಿಂಕ್ ಮೇಲೆ. ಮಳೆಯಲ್ಲಿ ಆ ಲಿಂಕ್ ಸೋತು ವೇಗ ತಗ್ಗಿಸಿಕೊಳ್ಳುತ್ತದೆ. ಫೋನಿನಲ್ಲಿ ಕಡ್ಡಿ ಪೂರ್ತಿ ಇರುತ್ತದೆ, ಪುಟ ಮಾತ್ರ ತೆರೆಯುವುದಿಲ್ಲ. ಜೊತೆಗೆ ಕರೆಂಟ್ ಹೋಗುತ್ತದೆ, ಜನರೆಲ್ಲ ಒಳಗೆ ಕೂತು ಒಟ್ಟಿಗೆ ಫೋನ್ ಹಿಡಿಯುತ್ತಾರೆ.

ತಮಾಷೆ ಅಂದರೆ ಮೊಬೈಲ್‌ಗೂ ತಿಳಿ ರಾತ್ರಿಯ ಕಾಟ ಇದೆ. ಕೆಲವು 4ಜಿ, 5ಜಿ ಜಾಲಗಳಲ್ಲಿ ಕಳಿಸುವುದೂ ಕೇಳುವುದೂ ಒಂದೇ ಫ್ರೀಕ್ವೆನ್ಸಿಯಲ್ಲಿ, ಸರದಿ ಪ್ರಕಾರ. ಎಲ್ಲಾ ಟವರ್ ಒಟ್ಟಿಗೆ ಮಾತಾಡಿ ಒಟ್ಟಿಗೆ ಕಿವಿಗೊಡಬೇಕು. ಡಕ್ಟಿಂಗ್ ಆದಾಗ ನೂರಾರು ಕಿಲೋಮೀಟರ್ ದೂರದ ಟವರ್‌ನ ಮಾತು ತಡವಾಗಿ ಬಂದು, ಇಲ್ಲಿನ ಟವರ್ ಕಿವಿಗೊಟ್ಟ ಹೊತ್ತಿಗೆ ಬೀಳುತ್ತದೆ. 300 ಕಿಲೋಮೀಟರ್ ಬರಲು ಅಲೆಗೆ ಒಂದು ಮಿಲಿಸೆಕೆಂಡ್ ಬೇಕು. ಅಷ್ಟು ತಡ ಸಾಕು ಸರದಿ ಕೆಡಲು.

ಮೋಡ ನೋಡುವವಳು

ಟವರ್ ಅಣ್ಣ, ನಿಮ್ಮ ಲಿಂಕ್ ಸೋಲುವುದು ನಮಗೆ ಮಾಹಿತಿ! ಮಳೆ ಜಾಸ್ತಿ ಆದಷ್ಟೂ ಡೆಸಿಬೆಲ್ ಜಾಸ್ತಿ ಹೋಗುತ್ತದೆ ಅಂದಿರಲ್ಲ. ಅದನ್ನೇ ತಿರುಗಿಸಿ ನೋಡಿ. ಎಷ್ಟು ಡೆಸಿಬೆಲ್ ಹೋಯಿತು ಅಂತ ಗೊತ್ತಾದರೆ ಎಷ್ಟು ಮಳೆ ಬಿತ್ತು ಅಂತ ಹೇಳಬಹುದು. 2006ರಲ್ಲಿ ಇಸ್ರೇಲಿನ ಸಂಶೋಧಕರು ಮೊಬೈಲ್ ಜಾಲದ ಲಿಂಕ್‌ಗಳಿಂದ ಹೀಗೆ ಮಳೆ ಅಳೆದು ತೋರಿಸಿದರು. ಮಳೆ ಮಾಪಕ ಇಲ್ಲದ ಜಾಗದಲ್ಲೂ ಟವರ್ ಇರುತ್ತದೆ. ನನ್ನ ಪ್ರಕಾರ ಈ ಲೆಕ್ಕ ಎಲ್ಲಾ ಕಡೆ ಹವಾಮಾನದವರ ಕೈಗೆ ಸಿಗಬೇಕು.

ಇನ್ನೊಂದು, ಮಿಂಚು. ಮೀಡಿಯಂ ವೇವ್ ರೇಡಿಯೊ ಇದ್ದವರು ಖಾಲಿ ಜಾಗಕ್ಕೆ ತಿರುಗಿಸಿ ಇಡಿ. ಪ್ರತಿ ಮಿಂಚಿಗೂ ಚಟ್ ಅನ್ನುತ್ತದೆ. ಮಿಂಚು ಒಂದು ದೊಡ್ಡ ಟ್ರಾನ್ಸ್‌ಮಿಟರ್ ಇದ್ದ ಹಾಗೆ. 1895ರಲ್ಲಿ ರಷ್ಯಾದ ಪೊಪೊವ್ ಮಾಡಿದ ಮೊದಲ ರಿಸೀವರ್ ಮಿಂಚು ಹಿಡಿಯುವ ಯಂತ್ರವೇ ಆಗಿತ್ತು. ಚಟ್ ಕೇಳಿದ ಕ್ಷಣದಿಂದ ಗುಡುಗು ಬರುವವರೆಗೆ ಸೆಕೆಂಡ್ ಎಣಿಸಿ, ಮೂರರಿಂದ ಭಾಗಿಸಿ. ಅಷ್ಟು ಕಿಲೋಮೀಟರ್ ದೂರ. ಹಗಲಲ್ಲಿ, ಮಿಂಚು ಕಣ್ಣಿಗೆ ಕಾಣದಾಗಲೂ ಇದು ಕೆಲಸ ಮಾಡುತ್ತದೆ.

ಆದರೆ ದಯವಿಟ್ಟು ಕೇಳಿ. ಮನೆ ಒಳಗೆ, ಬ್ಯಾಟರಿ ಸೆಟ್, ಒಳಗಿನ ಆಂಟೆನಾ ಮಾತ್ರ. ತಾರಸಿಗೆ ಎಳೆದ ತಂತಿ ಇದ್ದರೆ ಗುಡುಗು ಶುರುವಾಗುವ ಮೊದಲೇ ಬಿಚ್ಚಿಬಿಡಿ, ಆಮೇಲೆ ಮುಟ್ಟಬೇಡಿ. ಎಣಿಕೆ 30ಕ್ಕಿಂತ ಕಮ್ಮಿ ಬಂದರೆ ಹೊರಗೆ ಇರುವವರು ಒಳಗೆ ಬರಬೇಕು.

ಹಳೇ ಟ್ರಾನ್ಸಿಸ್ಟರ್

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ದಿನಾ ಐದಕ್ಕೆ ಎದ್ದು ಬರೆದಿಟ್ಟಿದ್ದೇನೆ. 21 ದಿನ. ದೂರದ ಸ್ಟೇಷನ್ ಬಂದಿದ್ದು 6 ದಿನ. ಆರೂ ದಿನ ಇಬ್ಬನಿ ಇತ್ತು, ಗಾಳಿ ಇರಲಿಲ್ಲ. ಮೋಡ ಮುಚ್ಚಿದ ಬೆಳಗುಗಳಲ್ಲಿ ಒಮ್ಮೆಯೂ ಬರಲಿಲ್ಲ. ಇಬ್ಬನಿ ಇದ್ದೂ ಬಾರದ ದಿನ 4. ಆ ಆರರಲ್ಲಿ ಒಂದು ದಿನ ಐದೂವರೆಗೆ ಚೆನ್ನಾಗಿ ಬರುತ್ತಿದ್ದದ್ದು, ಆಮೇಲೆ ಗಾಳಿ ಎದ್ದು ಕಿಟಕಿ ಪರದೆ ಅಲುಗಿದ ಎರಡೇ ನಿಮಿಷದಲ್ಲಿ ಹೋಯಿತು. ಹುಡುಗಿ ಹೇಳಿದ ಕೊಳವೆ ಒಡೆಯುವುದು ಅಂದರೆ ಏನು ಅಂತ ಆವತ್ತು ತಿಳಿಯಿತು.

ಒಂದು ಮಾತ್ರ ಲೆಕ್ಕಕ್ಕೆ ಸಿಗುತ್ತಿಲ್ಲ. ಹದಿನಾಲ್ಕನೇ ದಿನ, ಬೆಳಿಗ್ಗೆ ಹನ್ನೊಂದು ಗಂಟೆ. ಸುಡು ಬಿಸಿಲು, ಗಾಳಿ ಬೀಸುತ್ತಿತ್ತು. 89ರ ಹತ್ತಿರ ಒಂದು ಸ್ಟೇಷನ್ ಧಡಾರ್ ಅಂತ ಬಂತು. ನಮ್ಮ ಹತ್ತಿರದ ಸ್ಟೇಷನ್‌ನಷ್ಟೇ ಗಟ್ಟಿ. ನಾಲ್ಕು ನಿಮಿಷ ಇತ್ತು. ನಡುವೆ ಎರಡು ಸಲ ಮುಳುಗಿ ಎದ್ದಿತು. ಆಮೇಲೆ ಬರಲಿಲ್ಲ. ಇದು ಡಕ್ಟಿಂಗ್ ಆಗಿರಲಾರದು ಅಲ್ವಾ?

ಹ್ಯಾಮ್ ಹುಡುಗಿ

ಅಲ್ಲವೇ ಅಲ್ಲ! ನಿಮಗೆ ಸಿಕ್ಕಿದ್ದು ಸ್ಪೊರಾಡಿಕ್ ಇ ಅನಿಸುತ್ತದೆ. ಸುಮಾರು 100 ಕಿಲೋಮೀಟರ್ ಎತ್ತರದಲ್ಲಿ ಆಗಾಗ ತೆಳ್ಳಗಿನ ದಟ್ಟ ತೇಪೆಗಳು ಹುಟ್ಟುತ್ತವೆ. ಉಲ್ಕೆಗಳು ಉರಿದು ಬಿಟ್ಟುಹೋದ ಕಬ್ಬಿಣ, ಮೆಗ್ನೀಸಿಯಂ ಕಣಗಳನ್ನು ಅಲ್ಲಿನ ಗಾಳಿ ಒಂದು ಹಾಳೆಯಾಗಿ ಒತ್ತಿಡುತ್ತದೆ. ಸಾಮಾನ್ಯವಾಗಿ ಎಫ್ಎಂ ಅಲೆ ಅಯಾನುಗೋಳವನ್ನು ತೂರಿ ಆಚೆ ಹೋಗಿಬಿಡುತ್ತದೆ. ಈ ಹಾಳೆಗೆ ಬಡಿದರೆ ವಾಪಸ್ ಬರುತ್ತದೆ. ಡಕ್ಟಿಂಗ್ ಗಂಟೆಗಟ್ಟಲೆ ನಿಲ್ಲುತ್ತದೆ, ನಿಧಾನ ಬಂದು ನಿಧಾನ ಹೋಗುತ್ತದೆ. ಇದು ದಿಢೀರ್ ಬಂದು ದಿಢೀರ್ ಹೋಗುತ್ತದೆ. ದೂರವೂ ಜಾಸ್ತಿ, ಒಂದೇ ನೆಗೆತದಲ್ಲಿ 2,000 ಕಿಲೋಮೀಟರ್‌ವರೆಗೂ.

ಹಾಳೆ ದಟ್ಟವಾಗುತ್ತಾ ಹೋದ ಹಾಗೆ ಕೆಳಗಿನ ಫ್ರೀಕ್ವೆನ್ಸಿ ಮೊದಲು ಬರುತ್ತದೆ, ಆಮೇಲೆ ಮೇಲಿನದು. ನಿಮಗೆ 89ರಲ್ಲಿ ಸಿಕ್ಕಿದ್ದು ಅದಕ್ಕೇ ಇರಬೇಕು. ಮತ್ತೆ ಬಂದರೆ 88ರ ತುದಿಯಿಂದ ಮೇಲಕ್ಕೆ ತಿರುಗಿಸುತ್ತಾ ಹೋಗಿ, ಎಲ್ಲಿವರೆಗೆ ಸಿಗುತ್ತದೆ ಅಂತ ಬರೆದುಕೊಳ್ಳಿ. ಫೋನಿನಲ್ಲಿ ರೆಕಾರ್ಡ್ ಮಾಡಲು ಮರೆಯಬೇಡಿ. ಸ್ಟೇಷನ್ ಹೆಸರು ಹೇಳುವ ಮೊದಲೇ ಮಾಯವಾದರೂ ಭಾಷೆ ಯಾವುದು ಅಂತ ಇಲ್ಲಿ ಯಾರಾದರೂ ಗುರುತಿಸುತ್ತಾರೆ.